ಬೆಂಗಳೂರಾಗ ಜಾಮೂನಿನ ಮುಂದ ಉಪವಾಸ

ಮತ್ತ ಹಸಿವಿ ಅಂದ್ರ ಬರೇ ಬರಗಾಲದ ಹಸಿವಿ ಅಂತ ತಿಳ್ಕೊಬ್ಯಾಡ್ರಿ. ಬರಗಾಲದಾಗ ಮನ್ಯಾಗ ಕಾಳ ಇರೂದಿಲ್ಲ, ಇಲ್ಲದ್ದಕ್ಕ ಉಣ್ಣೂದಿಲ್ಲ, ಅಲ್ಲಿಗಿ ಮಾತ ಮುಗೀತು. ನಾ ಹೇಳೂದು ಬ್ಯಾರೆ ಹಸಿವಿ. ಮುಂದ ಎಲಿ ಹಾಸೈತಿ, ಎಲಿ ತುಂಬ ಬಡಿಸ್ಯಾರ, ಘಮ್ಮಂತ ವಾಸ್ನಿ ಬರಾಕತ್ತೈತಿ, ಹೊಟ್ಟಿ ತಾಳ ಹಾಕಾಕತ್ತೈತಿ, ಮತ್ತ ನಾನೂ ನಿಮ್ಮಜ್ಜಿನೂ ತೊಡಿ ಮ್ಯಾಲ ಕೈ ಇಟಗೊಂಡು ಸುಮ್ನ ಕುಂತೇವಿ. ಅದೂ ಎಲ್ಲಿ? ಬೆಂಗಳೂರಾಗ. ಓಣಿಗೊಂದು ಹೋಟೆಲ್ ಇದ್ದ ಊರಾಗ. ನಗಬ್ಯಾಡ್ರಿ. ಅವತ್ತು ಆ ಎಲಿ ಮುಂದ ಚೂರು ಹೆಚ್ಚುಕಮ್ಮಿ ಆಗಿದ್ರ ನಿಮ್ಮವ್ವನ ಲಗ್ನ ಆಕ್ಕಿದ್ದಿಲ್ಲ, ನೀವೂ ಹಿಂಗ ನನ್ನ ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲಿದು ಸಿಪ್ಪಿ ಚೆಲ್ಲತಿದ್ದಿಲ್ಲ.

ಆತು, ಮೊದಲಿಂದ ಹೇಳ್ತೇನಿ. ಆವಾಗ ನಿಮ್ಮವ್ವ ರಾಮದುರ್ಗದಾಗ ಕಾಲೇಜ್ ಮುಗಿಸಿ ಮನ್ಯಾಗ ಇದ್ಲು. ಸಂಬಂಧ ಬರಾಕತ್ತಿದ್ವು. ಒಬ್ಬಾಂವ ಬಂದ, ಭಾಳ ಮಾತಾಡಿದ, ನಿಮ್ಮವ್ವ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಇನ್ನೊಬ್ಬಾಂವ ಬಂದ, ಮಾತ ಆಡಲಿಲ್ಲ, ಹೊಲ ಎಷ್ಟೈತಿ ಅಂತ ಒಂದ ಕೇಳಿ ಹೋದ. ಅಷ್ಟರಾಗ ಬೈಲಹೊಂಗಲ ಕಡೆಯವ್ರು ಬಂದ್ರು, ಅಂದ್ರ ಮೂಲ ಅವರು ಬೈಲಹೊಂಗಲದವ್ರು, ಬೆಂಗಳೂರಾಗ ಭಾಂಡೆ ಅಂಗಡಿ ಇಟ್ಟಿದ್ರು. ಶಿವಪ್ಪಣ್ಣ, ಅವ್ರ ಹೆಂಡ್ತಿ ನೀಲಕ್ಕ, ಮಗಾ. ನೀಲಕ್ಕ ಅಂದ್ರ ನಿಮ್ಮ ಬೆಂಗಳೂರಜ್ಜಿ, ಮಗಾ ಅಂದ್ರ ನಿಮ್ಮಪ್ಪ. ಅವರು ಬಂದು ಚಾ ಕುಡಿದು ಹುಡುಗೀನ ನೋಡಿ ಹ್ವಾದ ಮ್ಯಾಲ ನಿಮ್ಮವ್ವ ಬಾಗಲಾ ಹಾಕ್ಕೊಳ್ಳಲಿಲ್ಲ. ಭಾಂಡೆ ತೊಳ್ಕೊಂತ ಹಾಡಾಕತ್ತಿದ್ಲು. ನಿಮ್ಮಜ್ಜಿ ನನ್ನ ಮುಖ ನೋಡಿದ್ಲು, ನಾ ಆಕಿ ಮುಖ ನೋಡಿದ್ನಿ, ಈ ಸಂಬಂಧ ಕೈ ಬಿಡಬಾರದು ಅಂತ ಇಬ್ಬರಿಗೂ ತಿಳೀತು.

ಖರೆ ಅವರ ಕಡಿಂದ ಹೂಂ ಇಲ್ಲ, ಉಹುಂ ಇಲ್ಲ. ಗೋಕಾಕ ಕಡೆದ್ದ ಇನ್ನೊಂದು ಹುಡುಗೀನೂ ನೋಡ್ಯಾರಂತ ಸುದ್ದಿ ಬಂತು. ಆಮ್ಯಾಲೆ ಒಂದಿನ ಶಿವಪ್ಪಣ್ಣ ಬಾಜೂ ಮನಿ ಫೋನಿಗಿ ಮಾಡಿ, ನೀವೂ ಒಮ್ಮೆ ಬಂದು ನಮ್ಮ ಮನಿ ನೋಡ್ಕೊಂಡು ಹೋಗ್ರಿ ಅಂದ್ರು. ನಮ್ಮ ಕಡೆ ಹಂಗ ಇರತೈತಿಲ್ಲೋ, ಹುಡುಗೀ ಕಡೆಯವ್ರು ಮನಿ ನೋಡಾಕ ಹೋಗೂದು. ಹೋಗೂದಂತೂ ಹೋಗೂದು, ಆದ್ರ ಮಾತ ಮುಗಿಯೂತನಕ ಅವ್ರ ಮನ್ಯಾಗ ಉಣ್ಣಂಗಿಲ್ಲ. ಒಪ್ಪಿಗಿ ಆದ್ರ ಬಾಯಿ ಸಿಹಿ ಮಾಡತಾರ, ಸಿಹಿ ಬಾಯಾಗ ಬಿತ್ತು ಅಂದ್ರ ಸಂಬಂಧ ಗಟ್ಟಿ ಆದಂಗ, ಆವಾಗ ಎಷ್ಟ ಬೇಕಾದ್ರೂ ಉಣ್ಣು. ಏನು? ಚಾದಾಗ ಸಕ್ಕರಿ ಇರೂದಿಲ್ಲೇನು ಅಂತೀಯಾ? ಭಾಳ ಶಾಣ್ಯಾ ಆಗೀದಿ ನೀ. ಚಾ ಲೆಕ್ಕಕ್ಕಿಲ್ಲ. ಚಾ ಅಂತೂ ಜಗಳ ಆಡಾಕ ಬಂದಾವ್ರಿಗೂ ಕೊಡತಾರ.

ನಿಮ್ಮಜ್ಜಿ ಗೌರವ್ವ ಏನ್ ಕಮ್ಮಿ ಶಾಣ್ಯಾಕಿ ಅಲ್ಲ. ಅಲ್ಲಿ ಉಣ್ಣಂಗಿಲ್ಲ ಅಂತ ಗೊತ್ತಿತ್ತಲ್ಲ, ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಎಲ್ಲಾ ಕಟ್ಟಿದ್ಲು, ಹೋಗಿ ಬರೂದಕ್ಕ ಸಾಕಾಗೂವಷ್ಟು ದೊಡ್ಡ ಗಂಟು. ರಾಮದುರ್ಗದಾಗ ನಸುಕಿನ್ಯಾಗ ಬಸ್ ಹತ್ತಿದ್ವಿ. ದಾವಣಗೆರಿ ದಾಟಿದ ಮ್ಯಾಲ ಗಂಟು ಬಿಚ್ಚಿದ್ವಿ. ಮತ್ತ ನಾಕ ಮಂದಿ ನಡುವ ಗಂಟು ಬಿಚ್ಚಿದ ಮ್ಯಾಲ ಬಾಯಿ ಮಾತಿಗರೆ ಕರೀಬೇಕಲ್ಲ, ಮುಂದಿನ ಸೀಟಿನಾಂವಗ ಬರ್ರಿ ಊಟ ಮಾಡ್ರಿ ಅಂದ್ನಿ. ನಮ್ಮೂರಾಂವ ಆಗಿದ್ರ ಏನಂತಿದ್ದ? ನಡೀಲ್ರಿ ನಿಮ್ದು, ನಮ್ದ ಆತು ಅಂತಿದ್ದ, ಹಸಿದು ಕಣ್ಣಿಗಿ ಕತ್ತಲಿ ಬಂದಿದ್ರೂ ಹಂಗ ಅಂತಿದ್ದ. ಈತ ಬೆಂಗಳೂರಾಂವ. ಓ, ಕೊಡಿ ಸಾರ್ ಅಂತ ಹಿಂದ ತಿರುಗಿ ಕೈ ಚಾಚಿದ. ಉಂಡ. ತುಂಬಾ ಚೆನ್ನಾಗಿದೆ ಅಂದ. ಚೊಲೊ ಆಗೈತಿ ಅಂದಾವ್ರಿಗಿ ಮತ್ತೊಂದು ಹಾಕದ ಬಿಟ್ರ ಹೆಂಗ, ನಿಮ್ಮಜ್ಜಿ ಮತ್ತೊಂದು ಹಾಕಿದ್ಲು. ಬ್ಯಾಡ ಅನ್ನವಲ್ಲ ಆ ಪುಣ್ಯಾತ್ಮ. ಆತನ ಬಾಜೂಕಿದ್ದಾಂವನೂ ತಿರುಗಿದ. ತುಮಕೂರು ಬರೂದ್ರಾಗ ಗಂಟಿನ ಅರಬಿ ಒಂದ ಉಳೀತು, ನಿಮ್ಮಜ್ಜಿ ಅದನ್ನ ಝಾಡಿಸಿ ಮಡಚಿ ಚೀಲದಾಗ ಇಟ್ಲು.

ಬೆಂಗಳೂರಾಗ ಇಳಿದಾಗ ಸಂಜಿ ಆಗಿತ್ತು. ಬಸ್‌ಸ್ಟ್ಯಾಂಡ್ ಹತ್ರನ ಒಂದು ಲಾಡ್ಜಿನ್ಯಾಗ ಚೀಲ ಇಟ್ಟು ಹೋಟೆಲ್ ಹುಡುಕ್ಕೊಂತ ಹೊಂಟ್ವಿ. ಹುಡುಕೂದೇನ್ ಬಂತು, ನಿಂತಲ್ಲೇ ಹೋಟೆಲ್. ಒಳಗ ಹೋದ್ರ ಒಂದ ಕುರ್ಚಿ ಇಲ್ಲ. ಎದಿ ಮಟ ಎತ್ತರದ ಕಲ್ಲಿನ ಕಟ್ಟಿ, ಅದರ ಸುತ್ತ ಸೂಟುಬೂಟಿನ ಮಂದಿ ನಿಂತ ತಿನ್ನಾಕತ್ಯಾರ. ನಿಮ್ಮಜ್ಜಿ ಬಾಗಲದಾಗ ನಿಂತು, ಇದೇನ್ರಿ, ಗ್ವಾದಲಿಗಿ ದನಾ ಕಟ್ಟಿದಂಗ ನಿಂತಾರಲ್ಲ, ಪಾಪ ಇವರಿಗಿ ಯಾರೂ ಕುಂಡ್ರು ಅನ್ನಲಿಲ್ಲೇನು ಅಂದ್ಲು. ನಾ ಎರಡ ಇಡ್ಲಿ ಇಸ್ಕೊಂಡು ಬಂದ್ನಿ. ಆಕಿ ನಿಂತು ಉಣ್ಣಂಗಿಲ್ಲ ಅಂತ ಹೋಟೆಲಿನ ಪಾವಟಿಗಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತ್ಲು, ಸೆರಗು ಸರಿ ಮಾಡ್ಕೊಂಡ್ಲು, ಪ್ಲೇಟ್ ತೊಡಿ ಮ್ಯಾಲ ಇಟಗೊಂಡ್ಲು. ಹೋಗಿ ಬರಾವ್ರು ಆಕಿನ್ನ ದಾಟ್ಕೊಂಡು ಹೋಗಾಕತ್ತಿದ್ರು. ಹೋಟೆಲಿನಾಂವ ಬಂದು, ಅಮ್ಮಾ ಇಲ್ಲಿ ಕೂರಬಾರದು ಏಳಿ ಅಂದ. ಆಕಿ ಏಳಲಿಲ್ಲ. ಉಣ್ಣೂ ಮಂದೀನ ಎಬ್ಬಿಸೂದು ಯಾವ ಊರಿನ ರೀತಿನಪ್ಪಾ, ನಿಮ್ಮವ್ವ ಕಲಿಸಲಿಲ್ಲೇನು ಅಂತ ಆತಗ ಕೇಳಿದ್ಲು. ಆತ ತಲಿ ಕೆರಕೊಂಡು ಒಳಗ ಹೋದ. ಆದ್ರ ಆಕಿಗಿ ಅವಮಾನ ಆಗಿತ್ತು, ಅರ್ಧಾ ಇಡ್ಲಿ ತಿಂದು ಎದ್ಲು. ಆಕಿ ಎದ್ದ ಮ್ಯಾಲ ನಾ ಒಬ್ಬಾಂವ ಹೆಂಗ ತಿನ್ನಲಿ, ನಾನೂ ಅರ್ಧಾ ಬಿಟ್ಟು ಎದ್ನಿ.

ಮರುದಿನ ಮುಂಜಾನಿ ಅವರ ಮನಿಗಿ ಹ್ವಾದ್ವಿ. ಮನಿ ಚೊಲೊ ಇತ್ತು. ಚೊಲೊ ಅಂದ್ರ ಸಣ್ಣದು, ಆದ್ರ ಒಪ್ಪಾಗಿ ಇಟ್ಟಿದ್ರು. ನೀಲಕ್ಕ ಚಾ ಕೊಟ್ರು, ಉಪ್ಪಿಟ್ಟು ತಂದಿಟ್ರು. ನಾವು ಬ್ಯಾಡ್ರಿ ಅಂದ್ವಿ. ಪದ್ಧತಿ ಅವರಿಗೂ ಗೊತ್ತೈತಿ, ಅದಕ್ಕ ಜುಲುಮಿ ಮಾಡಲಿಲ್ಲ, ಉಪ್ಪಿಟ್ಟು ಒಳಗ ಹೋತು. ನನ್ನ ಕಣ್ಣೂ ಅದರ ಹಿಂದ ಒಳಗ ಹೋತು. ನೀಲಕ್ಕ ಮಾತು ಕಮ್ಮಿ. ಮಗಳು ಏನ್ ಓದ್ಯಾಳ, ಈ ಊರಿನ ಗದ್ದಲಾ ಆಕಿಗಿ ಹಿಡಿಸ್ತೈತೇನು ಅಂತ ಕೇಳಿದ್ರು, ಅಷ್ಟ. ಒಪ್ಪಿಗಿ ಅನ್ನವಲ್ರು, ಒಲ್ಲೆನೂ ಅನ್ನವಲ್ರು. ಹುಡುಗೀ ಕಡೆಯವ್ರು ನಾವು, ನಾವಾಗಿ ಏನಾತ್ರಿ ಅಂತ ಹೆಂಗ ಕೇಳೂದು? ಹಿಂಗ ಮಧ್ಯಾಹ್ನ ಆತು. ಆವಾಗ ಶಿವಪ್ಪಣ್ಣ ಎದ್ದು, ಮನ್ಯಾಗಂತೂ ನೀವು ಉಣ್ಣಂಗಿಲ್ಲ, ಹೋಟೆಲಿನ್ಯಾಗ ಉಂಡ್ರ ಏನೂ ಅಡ್ಡಿ ಇಲ್ಲಲ್ರಿ, ನಡೀರಿ ಅಂದ್ರು. ನಾ ಒಂದ ಮಾತಿಗಿ ಎದ್ನಿ. ಎರಡನೇ ಮಾತಿಗಿ ಕಾಯೂ ಸ್ಥಿತಿಯಾಗ ನಾ ಇದ್ದಿದ್ದಿಲ್ಲ.

ಈ ಹೋಟೆಲಿನ್ಯಾಗ ಕುರ್ಚಿ ಇದ್ವು, ನಿಮ್ಮಜ್ಜಿಗಿ ಸಮಾಧಾನ ಆತು. ಬಾಳಿ ಎಲಿ ಹಾಸಿದ್ರು. ಆ ಕಡೆ ಶಿವಪ್ಪಣ್ಣ, ನೀಲಕ್ಕ, ನಡುವ ನಿಮ್ಮಪ್ಪ. ಈ ಕಡೆ ನಾವಿಬ್ಬರು. ಬಡಿಸಾಂವ ಬಂದ. ಬಂದಾಂವ ಮೊದಲ ಏನ್ ಹಾಕಬೇಕು? ಉಪ್ಪು ಹಾಕ್ತಾನ, ಪಲ್ಲೆ ಹಾಕ್ತಾನ ಅಂತ ನಾ ನೋಡಾಕತ್ತೇನಿ. ಎಲಿಗೊಂದು ಜಾಮೂನು ಇಟ್ಟ. ಇಷ್ಟ ದಪ್ಪನ ಜಾಮೂನು, ಪಾಕ ಸೋರಾಕತ್ತಿತ್ತು. ಆಮ್ಯಾಲೆ ಪಲ್ಲೆ, ಕೋಸಂಬರಿ, ಪೂರಿ, ಅನ್ನ, ಸಾರು ಎಲ್ಲಾ ಬಂತು. ಶಿವಪ್ಪಣ್ಣ ನಕ್ಕೋಂತ, ಹೂಂ, ಸಿಹಿಯಿಂದ ಸುರು ಮಾಡ್ರಿ ಅಂದ್ರು.

ನನ್ನ ಕೈ ಅಲ್ಲೇ ನಿಂತಿತು. ಗಂಡಿನ ಅಪ್ಪ ಮುಂದ ಕುಂತು ಸಿಹಿ ಸುರು ಮಾಡ್ರಿ ಅಂತಾನ ಅಂದ್ರ ಏನರ್ಥ? ಬಾಯಿ ಸಿಹಿ ಮಾಡಾಕತ್ಯಾರೇನು? ಒಪ್ಪಿಗಿ ಆತೇನು? ಆ ಊರಾಗ ಹೋಟೆಲಿನಾವ್ರು ದಿನಾ ಎಲ್ಲಾರಿಗೂ ಮೊದಲ ಸಿಹಿನ ಬಡಸ್ತಾರಂತ ನಮಗೇನ್ ಕನಸ ಬಿದ್ದಿತ್ತೇನು. ನಿಮ್ಮಜ್ಜಿ ಮೊಣಕೈಲೆ ತಿವಿದು ಸಣ್ಣ ದನ್ಯಾಗ, ಇವರು ಹೂಂ ಅಂದಂಗೋ ಅಲ್ಲೋ ಅಂದ್ಲು. ನನಗೇನ್ ಗೊತ್ತ. ಹಂಗಂತ ತಿಳಕೊಂಡು ಜಾಮೂನು ತಿಂದು, ಆಮ್ಯಾಲೆ ಅವರು ನಾವ ಹಂಗ ಅಂದೇ ಇಲ್ಲ ಅಂದ್ರ? ಹುಡುಗೀ ಕಡೆಯವ್ರು ಆಸೆಬುರುಕರು, ಕೇಳೂದರ ಮೊದಲ ಬಾಯಿ ಸಿಹಿ ಮಾಡ್ಕೊಂಡ್ರು ಅಂತ ಬೈಲಹೊಂಗಲದಿಂದ ಕಿತ್ತೂರತನಕ ಸುದ್ದಿ ಆಕ್ಕಿತ್ತು. ಸರಿ, ಜಾಮೂನು ಬಿಟ್ಟು ಅನ್ನ ಉಣ್ಣೂಣು ಅಂದ್ರ ಅದಕ್ಕಿಂತ ಕಷ್ಟ. ಇಟ್ಟ ಸಿಹಿ ಬದಿಗಿ ಸರಿಸಿ ಉಪ್ಪಿನ ಪದಾರ್ಥಕ್ಕ ಕೈ ಹಾಕಿದ್ರ ನಿಮ್ಮ ಸಂಬಂಧ ನಮಗ ಬ್ಯಾಡ ಅಂದಂಗ. ಹಿಂಗಾಗಿ ಉಣ್ಣಂಗೂ ಇಲ್ಲ, ಬಿಡಂಗೂ ಇಲ್ಲ. ನಿನ್ನಿ ಮಧ್ಯಾಹ್ನದಿಂದ ಅರ್ಧಾ ಇಡ್ಲಿ ಮ್ಯಾಲ ಇದ್ದಾಂವ ನಾ, ಆ ಉಬ್ಬಿದ ಪೂರಿ ನನ್ನ ಕಣ್ಣ ಮುಂದನ ಇಳದು ಹೋದ್ವು.

ಮ್ಯಾಲ ತಲಿ ಎತ್ತಿ ನೋಡತೇನಿ, ಅವರೂ ಉಣ್ಣವಲ್ರು. ನೀಲಕ್ಕ ತಮ್ಮ ಜಾಮೂನು ನೋಡ್ಕೊಂತ ಕುಂತಾರ, ಮುಖ ಸಣ್ಣದಾಗೈತಿ. ಶಿವಪ್ಪಣ್ಣ ನೀರ ಕುಡಿಯಾಕತ್ಯಾರ. ನಿಮ್ಮಪ್ಪ, ಪಾಪ, ಒಮ್ಮೆ ಅವ್ವನ ಮುಖ, ಒಮ್ಮೆ ನನ್ನ ಮುಖ ನೋಡಿ, ಎತ್ತಿದ ಪೂರಿ ವಾಪಸ್ ಎಲಿ ಮ್ಯಾಲ ಇಟ್ಟ. ಬಡಿಸಾಂವ ಬಂದು, ಯಾಕ್ ಸಾರ್, ಇನ್ನೂ ಶುರುನೇ ಮಾಡಿಲ್ವಾ ಅಂದ. ಮತ್ತ ಆ ಊರಿನ ಇನ್ನೊಂದು ಚಟಾ ಕೇಳ್ರಿ. ನಾವು ಉಣ್ಣೂ ಹೊತ್ತಿನ್ಯಾಗ ಮುಂದಿನ ಗಿರಾಕಿ ಬಂದು ನಮ್ಮ ಕುರ್ಚಿ ಹಿಂದ ನಿಂತಿರ್ತಾನ, ಎದ್ದ ಕೂಡ್ಲೆ ಕುಂಡ್ರಾಕ. ನನ್ನ ಬೆನ್ನ ಹಿಂದ ಒಬ್ಬ ದಪ್ಪನ್ನಾಂವ ನಿಂತು ಉಸಿರು ಬಿಡಾಕತ್ತಿದ್ದ. ಅವ ಬಗ್ಗಿ, ಆಯ್ತಾ ಸಾರ್ ಅಂತ ಕೇಳಿದ. ಆಗಿಲ್ಲಪ್ಪಾ, ಆಕ್ಕೈತೋ ಇಲ್ಲೋ ಅದೂ ಗೊತ್ತಿಲ್ಲ ಅಂದ್ನಿ.

ಅದನ್ನ ಕೇಳಿದ ಎಲಿ ಎತ್ತಾಂವ, ಇವರು ಉಣ್ಣೂ ಮಂದಿ ಅಲ್ಲ ಅಂತ ತಿಳಕೊಂಡ ಅಂತ ಕಾಣತೈತಿ, ಬಕೀಟ ತಗೊಂಡು ಬಂದು ನೀಲಕ್ಕನ ಎಲಿಗಿ ಕೈ ಹಾಕಿದ. ನಿಮ್ಮಜ್ಜಿ ಕುಂತಲ್ಲಿಂದನ ಬಗ್ಗಿ ಆ ಎಲಿ ಗಟ್ಟಿ ಹಿಡಕೊಂಡ್ಲು. ಅತ್ತಾಗ ಆತ, ಇತ್ತಾಗ ಈಕಿ, ನಡುವ ಸಾರು ಹೊಯ್ದಾಡಾಕತ್ತಿತು.

"ಬಿಡೋ ಯಪ್ಪಾ, ಅವರ ಎಲಿ ಎತ್ತಬ್ಯಾಡ, ನನ್ನ ಮಗಳ ಬಾಳೇವು ಐತಿ ಅದರಾಗ" ಅಂದ್ಲು.

ನೀಲಕ್ಕ ತಲಿ ಎತ್ತಿದ್ರು. ಕಣ್ಣಾಗ ನೀರಿದ್ವು ಅವರಿಗಿ. "ಹಂಗಾರ ನೀವ್ಯಾಕ ಸಿಹಿ ಮುಟ್ಟವಲ್ರಿ ಅಕ್ಕಾರ? ನಮ್ಮ ಸಣ್ಣ ಮನಿ ನೋಡಿ ನಿಮ್ಮ ಮನಸ್ಸಿಗಿ ಬರಲಿಲ್ಲ ಅಂತ ನಾ ತಿಳಕೊಂಡೆ" ಅಂದ್ರು.

"ಅಯ್ಯ, ನೀವು ಬಾಯಿ ಬಿಟ್ಟು ಹೂಂ ಅನ್ನದ ನಾವು ಹೆಂಗ ತಿನ್ನೂನ್ರಿ" ಅಂದ್ಲು ನಿಮ್ಮಜ್ಜಿ.

ನೀಲಕ್ಕ ತಮ್ಮ ಎಲಿಮ್ಯಾಲಿನ ಜಾಮೂನು ತಗೊಂಡು, ಮೇಜಿನ ಮ್ಯಾಲ ಬಗ್ಗಿ, ನಿಮ್ಮಜ್ಜಿ ಬಾಯಾಗ ಇಟ್ರು. ಇಡೀದ ಇಟ್ರು. ನಿಮ್ಮಜ್ಜಿಗಿ ಅಳೂ ಬಂದಿತ್ತು, ಬಾಯಿ ತುಂಬ ಜಾಮೂನು ಇತ್ತು, ಅಳಾಕೂ ಬರವಲ್ದು, ನುಂಗಾಕೂ ಬರವಲ್ದು. ಶಿವಪ್ಪಣ್ಣ ನನ್ನ ಕೈ ಹಿಡಕೊಂಡು, ಬೀಗರ, ಈಗರೆ ಉಣ್ರಿ ಅಂದ್ರು. ನನ್ನ ಹಿಂದಿನ ದಪ್ಪನ್ನಾಂವಗ ಏನ್ ತಿಳೀತೋ ಏನೋ, ಚಪ್ಪಾಳಿ ಬಡದ, ಮತ್ತ ನಾಕ ಮಂದಿ ಬಡದ್ರು. ನಿಮ್ಮಪ್ಪ ನಾಚಿ ಕೆಂಪಾಗಿ, ತಲಿ ತಗ್ಗಿಸಿ ಪೂರಿ ತಿನ್ನಾಕತ್ತ. ಒಂದ ಸಮನ ತಿಂದ. ಆವಾಗ ನನಗ ತಿಳೀತು, ಈ ಹುಡುಗಗೂ ಮುಂಜಾನಿಂದ ಗಂಟಲಾಗ ಏನೂ ಇಳಿದಿಲ್ಲ ಅಂತ.

ಮುಂದ ಲಗ್ನದಾಗ ನೀಲಕ್ಕ ನನಗ ಹೇಳಿದ್ರು. ಅವತ್ತು ನೀವು ಹಂಗ ಕೈ ತೊಳ್ಕೊಂಡು ಎದ್ದಿದ್ರ ಸಂಜೀಕ ಗೋಕಾಕದಾವ್ರಿಗಿ ಫೋನ್ ಮಾಡಾಕ ತಯಾರಾಗಿದ್ವಿ ಅಣ್ಣಾರ, ಮಗಾ ಮಾತ್ರ ನಿಮ್ಮ ಮನಿಯಿಂದ ಬಂದಾಗಿಂದ ಮಂಕಾಗಿದ್ದ ಅಂದ್ರು. ನೋಡ್ರಿ, ಇಲ್ಲಿ ನಿಮ್ಮವ್ವ ಹಾಡ್ಕೊಂತ ಭಾಂಡೆ ತೊಳೀತಾಳ, ಅಲ್ಲಿ ನಿಮ್ಮಪ್ಪ ಉಪವಾಸ, ನಡುವ ನಾವು ನಾಕ ಮಂದಿ ದೊಡ್ಡವ್ರು ಮರ್ಯಾದಿ ಹಿಡಕೊಂಡು ಜಾಮೂನು ಕಾಯ್ಕೊಂತ ಕುಂತಿದ್ವಿ. ಎಲ್ಲಾರ ಮನಸ್ಸಿನ್ಯಾಗೂ ಹೂಂ ಇತ್ತು, ಅನ್ನಾವ್ರು ಒಬ್ಬರೂ ಇದ್ದಿದ್ದಿಲ್ಲ. ಅದಕ್ಕ ಹೇಳತೇನಿ ಕೇಳ್ರಿ, ಬೇಕು ಅನಿಸಿದ್ರ ಬೇಕು ಅಂತ ಅನ್ರಿ, ಎದುರಿನವ್ರ ಬಾಯಿ ಕಾಯಬ್ಯಾಡ್ರಿ, ಎಲಿ ಎತ್ತಾಂವ ಯಾರ ಸಲುವಾಗೂ ನಿಲ್ಲೂದಿಲ್ಲ.