ಕೊಂಬೆಗೆ ಕಟ್ಟಿದ ಪಟ್ಟಿ

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾದು ಕಾದು ದರ್ಜಿಗೆ ಮಂಡಿನೋವಿನ ಜೊತೆ ಬೆನ್ನುನೋವೂ ಶುರುವಾಗಿತ್ತು. ಅಷ್ಟರಲ್ಲಿ ಎದುರು ಬೆಂಚಿನಲ್ಲಿ ಇಬ್ಬರು ಹಳೇ ಸ್ನೇಹಿತರು ಅಕಸ್ಮಾತ್ತಾಗಿ ಸಿಕ್ಕಿ ಮಾತಿಗಿಳಿದರು. ದರ್ಜಿಯ ಕಿವಿ ನಿಮಿರಿತು.

“ಏನಯ್ಯ, ವಾರದಿಂದ ಪತ್ತೇನೇ ಇಲ್ಲ?”

“ಆ ಮಳೇಲಿ ಎಲ್ಲಿಗೆ ಹೊರಡ್ಲಿ? ಮನೇಲೇ ಇದ್ದೆ. ನಮ್ಮವಳು ಕೈ ಮುರ್ಕೊಂಡಿದಾಳೆ. ಒಳಗೆ ತೋರಿಸ್ತಿದಾಳೆ.”

“ಅಯ್ಯೋ, ಹೇಗೆ?”

“ಗಾಳಿಗೆ ದಾಸವಾಳದ ಕೊಂಬೆ ಸೀಳ್ತು. ಎದ್ದೆನೋ ಬಿದ್ದೆನೋ ಅಂತ ಓಡಿದಳು, ಹಿತ್ತಲಲ್ಲಿ ಜಾರಿಬಿದ್ದಳು. ಬಿದ್ದಲ್ಲಿಂದಲೇ, ‘ಪಟ್ಟಿ ತನ್ನಿ’ ಅಂತ ಕೂಗಿದಳು.”

“ಕೈಗಾ?”

“ಕೊಂಬೆಗೆ! ಆಯುಷ್ಯವೆಲ್ಲ ನರ್ಸಾಗಿದ್ದವಳು ಕಣಯ್ಯ. ಮೊಮ್ಮಗಳ ಸ್ಕೇಲಿಟ್ಟು ಒಂದೇ ಕೈಲಿ ಬಿಗಿದಳು. ನಾನು ಕೊಡೆ ಹಿಡಿದಿದ್ದೆ, ಅಷ್ಟೇ. ಅದು ಮುಗಿದ ಮೇಲೆ, ‘ಈಗ ನನ್ನ ಕೈ ನೋಡಿ’ ಅಂದಳು.”

“ಗಟ್ಟಿಗಿತ್ತಿ ಬಿಡು.”

“ವಾರಪೂರ್ತಿ ನೆಂಟರು. ಕೈ ನೋಡೋಕೆ ಬಂದವರನ್ನೆಲ್ಲ ಹಿತ್ತಲಿಗೇ ಕರ್ಕೊಂಡು ಹೋದಳು. ನಮ್ಮತ್ತಿಗೆ ಕೊಂಬೆ ಮುಟ್ಟೋಕೆ ಹೋಗಿ, ‘ಪೇಷಂಟನ್ನ ಅಲುಗಾಡಿಸಬೇಡಿ’ ಅಂತ ಗದರಿಸಿಕೊಂಡ್ರು.”

“ಉಳೀತಾ ಅದು?”

“ಉಳಿಯೋದೇನು, ಬೆಳಿಗ್ಗೆ ಹೂವೇ ಬಿಟ್ಟಿದೆ!”

ಬಾಗಿಲು ತೆರೆಯಿತು. ಕೈಗೆ ಬಿಳಿ ಕಟ್ಟು ಹಾಕಿಸಿಕೊಂಡ ಹೆಂಗಸು ಹೊರಗೆ ಬಂದಳು.

“ಡಾಕ್ಟರು ಏನಂದ್ರು?”

“ಅದೆಲ್ಲ ಆಮೇಲೆ. ಮೋಡ ಕವೀತಿದೆ, ಬೇಗ ನಡೀರಿ. ಮನೇಲಿ ಅದೊಂದೇ ಇದೆ.”

ಗಂಡ ಎದೆಯುಬ್ಬಿಸಿ ಎದ್ದ. ಹೊರಡುವಾಗ ಸ್ನೇಹಿತನತ್ತ ತಿರುಗಿ, ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಹೇಳಿದ:

“ಕೊಡೆ ಹಿಡಿಯೋನು ನಾನೇ!”