ಇಕ್ಕಳಕ್ಕೆ ಬಗ್ಗದ ತಂತಿ

ಹಲ್ಲಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಅಕ್ಕಸಾಲಿಗರೊಬ್ಬರು ಕೂತಿದ್ದರು. ಅವರ ಆಚೆ ಕೂತಿದ್ದ ಹೆಂಗಸಿಗೆ ಕುತೂಹಲ ತಡೆಯಲಾಗಲಿಲ್ಲ.

“ಈ ವಯಸ್ಸಲ್ಲಿ ಹಲ್ಲಿಗೆ ತಂತಿನಾ?”

“ಒಳಗಿರೋ ಡಾಕ್ಟ್ರು ನನ್ನ ಮಗಳು. ಬೇಡ ಅಂದ್ರೆ ಬಿಡ್ತಾಳಾ?”

“ಇವತ್ತು ಬಿಗಿ ಮಾಡ್ಸೋಕೆ ಬಂದ್ರಾ?”

“ಇಲ್ಲಮ್ಮ, ಬೈಸ್ಕೊಳ್ಳೋಕೆ. ಸೊಟ್ಟ ಹಲ್ಲಿನ ಹತ್ರ ತಂತಿ ಸರಿಯಾಗಿ ಬಗ್ಗಿಸಿಲ್ಲ ಅನ್ನಿಸ್ತು. ಕನ್ನಡಿ ಮುಂದೆ ನಿಂತು ನನ್ನ ಇಕ್ಕಳ ಹಾಕ್ದೆ.”

“ಅಯ್ಯೋ ದೇವ್ರೇ! ಬಗ್ಗಿತಾ?”

“ಎಲ್ಲಿ? ಬಗ್ಗಿಸಿದಷ್ಟೂ ವಾಪಸ್ ನೆಟ್ಟಗಾಯ್ತು. ಕೊನೆಗೆ ತುದಿ ಕಿತ್ಕೊಂಡು ಬಂತು. ನಲವತ್ತು ವರ್ಷದಿಂದ ಚಿನ್ನ, ಬೆಳ್ಳಿ, ತಾಮ್ರ ಎಲ್ಲಾ ನನ್ನ ಮಾತು ಕೇಳಿವೆ. ಇದೊಂದು ಕೇಳಲ್ಲ.”

“ಅದೇನು ತಂತಿನೋ!”

“ನಿಕಲ್ ಟೈಟಾನಿಯಂ ಅಂತೆ. ತಾನು ನೆಟ್ಟಗಾಗ್ತಾ ಹಲ್ಲನ್ನೂ ಮೆಲ್ಲಗೆ ಸಾಲಿಗೆ ಎಳ್ಕೊಂಡು ಬರುತ್ತಂತೆ. ಸ್ಟೀಲ್ ತಂತಿ ಆಮೇಲೆ ಹಾಕ್ತೀನಿ ಅಂದ್ಳು. ನನ್ನ ಕೈಗೇ ಬಗ್ಗದ್ದನ್ನ ಹುಡುಕಿ ಹಾಕಿದಾಳೆ ನೋಡಿ, ನನ್ನ ಮಗಳು!”

ಬಾಗಿಲು ತೆರೆಯಿತು. “ಅಪ್ಪಾ, ಬನ್ನಿ. ಜೇಬಲ್ಲಿರೋ ಇಕ್ಕಳ ಅಲ್ಲೇ ಇಟ್ಟು ಬನ್ನಿ.”

ಅವರು ಜೇಬಿನಿಂದ ಇಕ್ಕಳ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟರು.

“ಹೇಗೆ ಕಂಡುಹಿಡಿದ್ಳು ನೋಡಿದ್ರಾ?” ಎಂದು ಎದೆಯುಬ್ಬಿಸಿಕೊಂಡು, ಬೈಸಿಕೊಳ್ಳಲು ಒಳಗೆ ಹೋದರು.