ಪಡಸಾಲೆಪ್ಪನೂ ನಾನೂ

ಈ ಸಭೆಯ ಅಧ್ಯಕ್ಷೆ ಗಿರಿಜಾಬಾಯಿಯವರೇ, ಬಸ್ಸು ತಪ್ಪಿದರೂ ಸಮಯ ತಪ್ಪದೆ ಅಂಬಿಕಾನಗರದಿಂದ ಬಂದ ಓದುಗರ ಬಳಗದವರೇ, ಇಂದಿನ ಸನ್ಮಾನಿತೆಯೂ ಕಾದಂಬರಿಕಾರ್ತಿಯೂ ನನ್ನ ಮಗಳೂ ಆದ ಕುಮಾರಿ ಶಿವಗಂಗಾ ಅವರೇ, ದಾಂಡೇಲಿಯ ಸಮಸ್ತ ಸಭಿಕರೇ,

ಸ್ವಂತ ಮಗಳನ್ನು ‘ಅವರೇ’ ಎಂದದ್ದು ಇದೇ ಮೊದಲು. ನಾಲಗೆ ಸ್ವಲ್ಪ ತಡವರಿಸಿತು, ಮನ್ನಿಸಬೇಕು.

ನಾನು ಚನಬಸಪ್ಪ, ಹಳಿಯಾಳದ ಬಟ್ಟೆ ವ್ಯಾಪಾರಿ. ಸಾಹಿತ್ಯಕ್ಕೂ ನನಗೂ ಇರುವ ಸಂಬಂಧ ಧೋತರಕ್ಕೂ ಗುಂಡಿಗೂ ಇರುವಷ್ಟು. ಆದರೂ ಮೈಕು ಹಿಡಿದಿದ್ದೇನೆ. ಯಾಕೆ? ಎದುರಿನ ಸಾಲಿನಲ್ಲಿ ಮುಂಡಗೋಡದ ಸುಭಾಸಪ್ಪನವರು ಮಗ ಕಿರಣಕುಮಾರನೊಂದಿಗೆ ಕುಳಿತಿದ್ದಾರೆ. ಅವರು ಕಾದಂಬರಿಗಾಗಿ ಬಂದವರಲ್ಲ, ನನ್ನ ಮಾತಿಗಾಗಿ ಬಂದವರು. ಹೆಣ್ಣು ಕೊಟ್ಟೆ ಎಂದು ಮನೆಯ ಹಿರಿಯನಾದವನು ತುಂಬಿದ ಸಭೆಯಲ್ಲಿ ಆಡಿದರೆ ನಮ್ಮಲ್ಲಿ ಮುಗಿಯಿತು. ಹರಿದು ಕೊಟ್ಟ ಬಟ್ಟೆಯ ಹಾಗೆ, ವಾಪಸು ಇಲ್ಲ. ಭಾಷಣದ ಕೊನೆಗೆ ಆ ಮಾತು ಆಡುವವನಿದ್ದೇನೆ. ಶಿವಗಂಗಾ ನೆಲ ನೋಡುತ್ತಿದ್ದಾಳೆ. ನಾಚಿಕೆ ಇರಬೇಕು. ಆ ಫ್ಯಾನು ಸ್ವಲ್ಪ ಜೋರು ಮಾಡ್ರೀ.

ಈಗ ಕಾದಂಬರಿ. ಅದರಲ್ಲಿ ಒಂದು ನಾಡಿದೆ, ಆ ನಾಡಿಗೆ ಇಬ್ಬರು ಚಂದ್ರರು. ಒಬ್ಬನನ್ನೇ ನೋಡಲು ಪುರುಸೊತ್ತಿಲ್ಲದ ನಮಗೆ ಇಬ್ಬರು ಯಾಕೆ ಎಂದು ನಾನು ಕೇಳಲಿಲ್ಲ. ಅಲ್ಲಿ ಮನೆತನ, ಮಾನ, ಪದ್ಧತಿ ಮೂರನ್ನೂ ಕಾಯುವ ಒಬ್ಬ ದೇವರಿದ್ದಾನೆ. ಹೆಸರು ಪಡಸಾಲೆಪ್ಪ. ನಾಲ್ಕು ಕೈ: ಒಂದು ಮೀಸೆಯ ಮೇಲೆ, ಒಂದರಲ್ಲಿ ಬೀಗದ ಕೈ ಗೊಂಚಲು, ಒಂದು ಆಶೀರ್ವಾದಕ್ಕೆ, ನಾಲ್ಕನೆಯದು ಹೆಣ್ಣುಮಕ್ಕಳಿಗೆ ‘ಒಳಗ ನಡಿ’ ಎಂದು ತೋರಿಸಲಿಕ್ಕೆ. ಉಳಿದ ದೇವರಿಗೆ ನವಿಲು, ನಂದಿ. ಇವನ ವಾಹನ ಆರಾಮ ಕುರ್ಚಿ. ಎಲ್ಲಿಗೂ ಹೋಗುವುದಿಲ್ಲ. ನೈವೇದ್ಯ ಬೇಡುವುದಿಲ್ಲ. ಮನೆಯಲ್ಲಿ ಯಾರಾದರೂ ಆಡಬೇಕಾದ ಮಾತನ್ನು ನುಂಗಿಕೊಂಡರೆ ಅದೇ ಇವನಿಗೆ ಊಟ. ಒಳ್ಳೆಯ ಮನೆತನಗಳಲ್ಲಿ ಇವನು ಬಹಳ ದಪ್ಪಗಿರುತ್ತಾನೆ.

ಇದು ಕೇವಲ ಕಲ್ಪನೆ. ಒತ್ತಿ ಹೇಳುತ್ತೇನೆ, ಕೇವಲ ಕಲ್ಪನೆ. ಆದರೆ ನನ್ನ ಅಂಗಡಿಯ ಪಕ್ಕದ ಗ್ಯಾರೇಜಿನ ಉಸ್ಮಾನಸಾಬರು ಪುಸ್ತಕ ಓದಿ, ಗ್ರಾಹಕರ ಎದುರಿಗೇ ಕೇಳಿದರು: “ಚನಬಸಪ್ಪಣ್ಣಾ, ಉಳಿದ ಎರಡು ಕೈ ಅಂಗಿ ಒಳಗ ಮುಚ್ಚಿಟ್ಟೀರೇನ್ರಿ?”

ನಾನು ನಕ್ಕೆ. ನಗಬೇಕಲ್ಲ.

ನಮ್ಮವ್ವ ಹೊಳೆವ್ವನಿಗೆ ಅಕ್ಷರ ಬಾರದು. ಮೊಮ್ಮಗಳು ಓದಿ ಹೇಳಿದ್ದನ್ನು ಕೈಮುಗಿದು ಕೇಳಿದಳು. ಮರುದಿನ ನನ್ನನ್ನು ಹಿಡಿದಳು: “ಈ ಪಡಸಾಲೆಪ್ಪನ ಗುಡಿ ಎಲ್ಲೈತೋ? ಕುಳಗಿ ಅಡವ್ಯಾಗೇನು?”

“ಎವ್ವಾ, ಅಂವಾ ಬರೇ ಪುಸ್ತಕದಾಗ ಅದಾನ.”

“ಎಲ್ಲ್ಯರೆ ಇರಲಿ ಬಿಡು, ಮನೆತನ ಕಾಯೂ ದೇವ್ರು. ಹುಡುಗಿ ಹೂಂ ಅನ್ನಲಿ ಅಂತ ಹರಕಿ ಹೊತ್ತೇನಿ. ಸುಮ್ನ ಕುಂದ್ರು.”

ಕಾಯಿ ಒಡೆಯಲು ಜಾಗ ಹುಡುಕಿ ಹುಡುಕಿ, ಕೊನೆಗೆ ನಮ್ಮ ಪಡಸಾಲೆಯ ಆರಾಮ ಕುರ್ಚಿಯ ಮುಂದೆ ಒಡೆದಳು. ಕುರ್ಚಿಯಲ್ಲಿ ನಾನಿದ್ದೆ. ಕಾಯಿಯ ನೀರು ನನ್ನ ಪಾದದ ಮೇಲೆ ಬಿತ್ತು. ಅವ್ವ ಅದನ್ನು ತೀರ್ಥವೆಂದು ಕಣ್ಣಿಗೆ ಒತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಶಿವಗಂಗಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸುಭಾಸಪ್ಪನವರು ನನ್ನನ್ನೇ ನೋಡುತ್ತಿದ್ದಾರೆ. ಹರಕೆ ಹೊರಬೇಕಾಯಿತು ಎಂದರೆ ಹುಡುಗಿ ಇನ್ನೂ ಹೂಂ ಅಂದಿಲ್ಲವೇ, ಎಂದಲ್ಲವೇ ತಮ್ಮ ಸಂದೇಹ? ಹಾಗೇನಿಲ್ಲ. ಬರಹಗಾರರು ಎಲ್ಲದರಲ್ಲೂ ನಿಧಾನ. ಒಂದು ಗುಟುಕು ನೀರು ಕುಡಿಯುತ್ತೇನೆ.

ಇವತ್ತು ಬೆಳಿಗ್ಗೆ ಹಳಿಯಾಳದಿಂದ ಕಾರಿನಲ್ಲಿ ಬರುವಾಗ ಅವಳು ಏನೋ ಅಂದಳು. ಅದನ್ನು ಇಲ್ಲಿ ಹೇಳಬೇಕಾಗಿಲ್ಲ. ಹೇಳುತ್ತೇನೆ. “ಅಪ್ಪಾ, ಸಭೆಯಾಗ ಆ ಮಾತು ತಗೀಬ್ಯಾಡ. ಅವರು ಒಳ್ಳೇವ್ರ ಇರಬಹುದು. ಆದ್ರ ನನಗ ಒಪ್ಪಿಗಿ ಇಲ್ಲ.” ನಾನು ಶಾಂತನಾಗಿಯೇ ಉತ್ತರಿಸಿದೆ: “ನಮ್ಮ ಮನೆತನದಾಗ ಹುಡುಗ್ಯಾರನ್ನ ಕೇಳಿ ಮಾತು ಕೊಡೂ ಪದ್ಧತಿ ಇಲ್ಲವ್ವಾ.” ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಸಭಿಕರೇ, ಬೆಳಿಗ್ಗೆ ನಾನು ಉಪ್ಪಿಟ್ಟು ಸಹ ತಿಂದಿರಲಿಲ್ಲ. ಆದರೂ ಹೊಟ್ಟೆ ಭಾರವಾಗಿತ್ತು. ಈಗಲೂ ಇದೆ.

ಕಾದಂಬರಿಯ ಕಡೆಯ ಪುಟದಲ್ಲಿ ಪಡಸಾಲೆಪ್ಪ ತಿಂದು ತಿಂದು ಊದಿ ಮುಂಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. “ಮುಂದ ಏನ ಮಾಡ್ತಾನಂವಾ?” ಎಂದು ಕೇಳಿದ್ದೆ. “ನನಗೂ ಗೊತ್ತಿಲ್ಲಪಾ. ಅಂವನ್ನ ಕೇಳಬೇಕು” ಅಂದಿದ್ದಳು.

ಮಹಾಜನರೇ, ನಾನು ಆಡಬೇಕಾದ ಮಾತಿನ ಹೊತ್ತು ಬಂತು. ಅದಕ್ಕೂ ಮೊದಲು, ಅಧ್ಯಕ್ಷರ ಅಪ್ಪಣೆ ಇದ್ದರೆ, ನಮ್ಮ ಮನೆತನದಲ್ಲಿ ಇಲ್ಲದ ಒಂದು ಕೆಲಸ ಮಾಡುತ್ತೇನೆ. ಶಿವಗಂಗಾ, ಇತ್ಲಾಗ ನೋಡವಾ. ಈ ಸಂಬಂಧ ನಿನಗ ಬೇಕೋ, ಬ್ಯಾಡೋ? ತಲಿ ಅಲ್ಲಾಡಿಸಿದ್ರೂ ಸಾಕು.

ಬೇಡ ಅಂದಳು. ಎಲ್ಲರೂ ನೋಡಿದಿರಿ. ತಲೆ ಎತ್ತಿಯೇ ಅಂದಳು.

ಸುಭಾಸಪ್ಪನವರೇ, ತಮಗೆ ಮಾತು ಕೊಡಲಾರೆ. ತಪ್ಪು ನನ್ನದು, ಹುಡುಗಿಯದಲ್ಲ. ಕಿರಣಕುಮಾರಪ್ಪಾ, ನಿನ್ನದೂ ಅಲ್ಲ. ಪಕ್ಕದ ಕೋಣೆಯಲ್ಲಿ ಊಟಕ್ಕೆ ಎಲೆ ಹಾಕಿದೆ. ಉಣ್ಣದೆ ಹೋಗಬಾರದು.

ನಾಳೆಯಿಂದ ಮಂದಿ ಏನೇನು ಅಂದಾರು ಎಂಬ ಅಂಜಿಕೆ ನನಗಿದೆ. ಆ ಮಂದಿ ಅಂದರೆ ನೀವೇ. ಅನ್ನುವುದಿದ್ದರೆ ಹಳಿಯಾಳದ ಅಂಗಡಿಗೆ ಬನ್ನಿ, ನನಗೇ ಅನ್ನಿ. ಅವಳಿಗೆ ಇವತ್ತು ಶಾಲು ಹೊದಿಸುವುದಿದೆ, ಅಷ್ಟು ಮಾಡಿ. ಬಟ್ಟೆ ವ್ಯಾಪಾರಿಯ ಕೈಗೆ ಮೈಕು ಕೊಟ್ಟು ತಡೆದುಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.